ಮೂರು ಕಾಲಿನ ಹುಂಜದ ಮನೆ

ಚೆರ್ನೋಬಿಲ್‌ನ ಅಣುಸ್ಥಾವರ ಸಿಡಿದಾಗ ರಯೀಸಾ ಹತ್ತು ವರ್ಷದ ಹುಡುಗಿ. ಅವಳ ಊರು ಲೋಝಿ ಅಲ್ಲಿಗೆ ಹತ್ತಿರವಿತ್ತು. ಮೇ ತಿಂಗಳು, ಆಲೂಗಡ್ಡೆ ಬಿತ್ತನೆ ಮುಗಿದ ವಾರ, ಸೈನಿಕರು ಬಂದು ಇಡೀ ಊರನ್ನು ಬಸ್ಸುಗಳಿಗೆ ಹತ್ತಿಸಿದರು. ನಾಲ್ಕು ದಿನಕ್ಕೆ ವಾಪಸು ಬರುತ್ತೀರಿ ಅಂದರು. ಯಾರೂ ವಾಪಸು ಹೋಗಲಿಲ್ಲ.

ನಾನು ಅವಳನ್ನು ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಕೀವ್‌ನ ಪೊದೀಲ್ ಬಡಾವಣೆಯಲ್ಲಿ. ಹಳೆಯ ನೂಲಿನ ಗಿರಣಿಯೊಂದರ ಮೇಲಂತಸ್ತಿನಲ್ಲಿ ನಮ್ಮ ವಿಡಿಯೊ ಗೇಮ್ ಕಂಪನಿ ಇತ್ತು. ನಾನು ಅಲ್ಲಿ ಸದ್ದು ಕೂಡಿಸುವವನು: ಗಾಳಿ, ಹೆಜ್ಜೆ, ಬಾಗಿಲು, ಗುಂಡು. ರಯೀಸಾ ಜಾಗಗಳನ್ನು ಕಟ್ಟುವವಳು. ಪರದೆಯ ಮೇಲೆ ನೀವು ನಡೆಯುವ ಬೀದಿ, ಹತ್ತುವ ಮೆಟ್ಟಿಲು, ಒಳಹೊಕ್ಕು ನೋಡುವ ಅಡುಗೆಮನೆ ಎಲ್ಲ ಅವಳ ಕೈಯಲ್ಲಿ ಹುಟ್ಟುತ್ತಿದ್ದವು. ಎತ್ತರದ ಹೆಂಗಸು, ಮಾತು ಕಡಿಮೆ, ಮಾತಾಡಿದರೆ ಚುಚ್ಚುವಂತೆ ಮಾತಾಡುತ್ತಿದ್ದಳು. ಮದುವೆಯಾಗಿ ಗಂಡನನ್ನು ಬಿಟ್ಟಿದ್ದಳು. ನಗರದ ಆಚೆ ತುದಿ ತ್ರೊಯೆಶ್ಚೀನಾದಲ್ಲಿ, ಊರು ಬಿಟ್ಟವರಿಗೆ ಸರಕಾರ ಕೊಟ್ಟ ಫ್ಲಾಟಿನಲ್ಲಿ, ತಾಯಿ ಲೀದಾಳೊಂದಿಗೆ ಇದ್ದಳು.

ನಮ್ಮ ಆಟದ ಹೆಸರು 'ಬೂದಿ ಹಾದಿ'. ಲೋಕ ಮುಗಿದುಹೋಗಿದೆ, ಒಬ್ಬನೇ ಒಬ್ಬ ಉಳಿದಿದ್ದಾನೆ, ಅವನೇ ನೀವು. ಮೂರು ಭಾಗಗಳಲ್ಲಿ ಎಲ್ಲಿ ಹುಡುಕಿದರೂ ಇನ್ನೊಂದು ನರಪಿಳ್ಳೆ ಸಿಗುತ್ತಿರಲಿಲ್ಲ. ಜನ ಅದಕ್ಕೇ ಮರುಳಾಗಿದ್ದರು. ಮೊದಲ ಭಾಗದಲ್ಲಿ ನೀಲಿ ಕಿಟಕಿಯ ಒಂದು ಹಳ್ಳಿಮನೆ ಇತ್ತು. ಅದರ ಗೋಡೆಯಷ್ಟು ದೊಡ್ಡ, ಸುಣ್ಣ ಬಳಿದ ಒಲೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಹುಂಜ. ಹುಂಜಕ್ಕೆ ಮೂರು ಕಾಲು. ವಿಕಿರಣದಿಂದ ಹಾಗಾಗಿದೆ ಎಂದು ಆಟಗಾರರು ಕತೆ ಕಟ್ಟಿದರು. ಆ ಹುಂಜವನ್ನು ಬನಿಯನ್ನಿನ ಮೇಲೆ ಅಚ್ಚು ಹಾಕಿಸಿಕೊಂಡವರೂ ಇದ್ದರು.

ನಿಜ ನನಗೆ ಗೊತ್ತಾದದ್ದು ಆ ಮನೆಯ ಬಾಗಿಲಿಗೆ ಸದ್ದು ಕೂಡಿಸುವಾಗ.

"ಈ ಬಾಗಿಲು ಹಿಂಗೆ ಕಿರುಗುಟ್ಟಲ್ಲ, ಓರೆಸ್ತ್," ಅಂದಳು. "ಮೊದ್ಲು ಒಂದ್ಸಲ ನರಳ್ಬೇಕು. ಆಮೇಲೆ ಕಿರುಗುಟ್ಬೇಕು."

"ನಿಂಗೇನು ಗೊತ್ತು? ಆ ಬಾಗಿಲು ನೀನೇ ಕಲ್ಪಿಸಿ ಕಟ್ಟಿದ್ದು."

"ನಮ್ಮಜ್ಜಿ ಮನೆ ಅದು. ಬಾಯ್ಮುಚ್ಕೊಂಡು ನರಳಿಸು."

ಆಮೇಲೆ ತಾನಾಗಿಯೇ ಹೇಳಿದಳು. ಬಸ್ಸು ಹತ್ತುವ ಹೊತ್ತಿಗೆ ಮೋತ್ರಾ ಅಜ್ಜಿ, ಕೋಳಿಗೂಡಿನ ಬಾಗಿಲು ಹಾಕಿ ಬರುತ್ತೇನೆ ಅಂತ ಹೋದವಳು ಮರಳಲಿಲ್ಲ. ಮುದುಕರನ್ನು ಬೇರೆ ಗಾಡಿಯಲ್ಲಿ ಕಳಿಸಿದ್ದೇವೆ ಎಂದು ಅಧಿಕಾರಿಯೊಬ್ಬ ಹೇಳಿದ. ಎರಡು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ, ದಾರಿಯಲ್ಲೇ ಎದೆನೋವು ಬಂದು ತೀರಿಕೊಂಡಳು ಎಂಬ ಉತ್ತರ ಬಂತು. ಎಲ್ಲಿ ಮಣ್ಣು ಮಾಡಿದರೆಂದು ಹೇಳುವವರಿರಲಿಲ್ಲ. ರಯೀಸಾಳ ಕಣ್ಣ ಮುಂದೆ ನಿಂತದ್ದು ಆ ಖಾಲಿ ಮನೆ ಮಾತ್ರ. ಅದನ್ನೇ ಅವಳು ಆಟದಲ್ಲಿ ಕಟ್ಟಿದ್ದಳು. ಒಳಗೆ ಯಾರೂ ಇಲ್ಲ, ಒಲೆ ತಣ್ಣಗಿದೆ.

ಹೀಗಿರುವಾಗ ಒಂದು ಸೋಮವಾರ ಕಂಪನಿಯ ಯಜಮಾನ ಯಾರೆಮಾ ಎಲ್ಲರನ್ನೂ ಕೂಡಿಸಿ ಕೇಕ್ ತರಿಸಿದ.

"ಒಂಟಿ ಆಟ ಮುಗೀತು," ಅಂದ. "ನಾಲ್ಕನೇ ಭಾಗ ಆನ್‌ಲೈನ್. ಒಂದೇ ಲೋಕದಲ್ಲಿ ಸಾವಿರಾರು ಜನ ಒಟ್ಟಿಗೆ ಆಡ್ತಾರೆ."

ರಯೀಸಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಜನ ಎಲ್ಲಿಂದ ಬಂದ್ರು? ಎಲ್ರನ್ನೂ ಸಾಯಿಸಿದೀವಲ್ಲ."

"ಆಟಗಾರರು ಬರ್ತಾರೆ, ರಯೀಸಾ."

"ಬಂದು?"

"ಸ್ನೇಹ ಮಾಡ್ತಾರೆ. ವ್ಯಾಪಾರ ಮಾಡ್ತಾರೆ. ಹೊಡೆದಾಡ್ತಾರೆ. ಜನ ಇರೋ ಕಡೆ ಆಗೋದೇ ಆಗುತ್ತೆ."

"ಹಂಗಾದ್ರೆ ಆ ನೀಲಿ ಕಿಟಕಿ ಮನೆ ತೆಗೆದುಬಿಡಿ."

"ಎಲ್ರೂ ಮೊದ್ಲು ನುಗ್ಗೋದೇ ಆ ಮನೆಗೆ. ಅದನ್ನ ತೆಗೆದ್ರೆ ನನ್ನ ಸುಟ್ಟು ತಿಂತಾರೆ."

ಕೆಲಸ ಬಿಡುತ್ತಾಳೆ ಅಂದುಕೊಂಡೆ. ಬಿಡಲಿಲ್ಲ. ಬೇರೆ ಯಾರೋ ಬಂದು ಅಜ್ಜಿಯ ಮನೆಗೆ ಕೈ ಹಾಕುವುದಕ್ಕಿಂತ ತಾನೇ ಇರುವುದು ವಾಸಿ ಎಂದಳು. ಹೊಸ ಲೋಕ ಎದ್ದು ನಿಲ್ಲಲು ಎರಡು ವರ್ಷ ಹಿಡಿಯಿತು. ಆಟಗಾರರು ಮೈಕಿನಲ್ಲಿ ಮಾತಾಡಬಹುದಿತ್ತು. ಹತ್ತಿರ ನಿಂತವರಿಗೆ ಮಾತ್ರ ಕೇಳಬೇಕು, ದೂರ ಹೋದಂತೆ ದನಿ ಕ್ಷೀಣಿಸಬೇಕು. ಅದು ನನ್ನ ಪಾಲಿನ ಕೆಲಸವಾಗಿತ್ತು.

ಆಟ ತೆರೆದ ದಿನ ನಾವೆಲ್ಲ ದೊಡ್ಡ ಪರದೆಯ ಮುಂದೆ ನಿಂತಿದ್ದೆವು. ಕಂಪನಿಯವರು ಯಾರ ಕಣ್ಣಿಗೂ ಬೀಳದೆ ಆ ಲೋಕದಲ್ಲಿ ಅಡ್ಡಾಡಬಹುದಿತ್ತು. ಯಾರೆಮಾ ಹೇಳಿದ್ದು ನಿಜವಾಯಿತು. ಜನ ನೀಲಿ ಕಿಟಕಿಯ ಮನೆಗೇ ಮುಗಿಬಿದ್ದರು. ಕಿಟಕಿ ಒಡೆದರು. ಅಜ್ಜಿಯ ಮೇಜಿನ ಮೇಲೆ ಕುಣಿದರು. ಒಬ್ಬ ಹುಂಜದ ಮುಂದೆ ಬೆತ್ತಲಾಗಿ ಕೂತು ಚಿತ್ರ ಹಿಡಿಸಿಕೊಂಡ. ಆಮೇಲೆ ಹೊಸ್ತಿಲಲ್ಲೇ ಗುಂಡು ಹಾರತೊಡಗಿ ಹೆಣದ ಮೇಲೆ ಹೆಣ ಬಿದ್ದವು. ನಮ್ಮ ಹುಡುಗರು ಚಪ್ಪಾಳೆ ತಟ್ಟಿದರು. ರಯೀಸಾಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಕುರ್ಚಿಯ ಬೆನ್ನು ಹಿಡಿದು ನಿಂತವಳು ಕೂರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ.

ಅಂದಿನಿಂದ ಅವಳಿಗೆ ಒಂದು ಚಟ ಹತ್ತಿತು. ಊಟದ ಬಿಡುವಿನಲ್ಲಿ ಕಾಣದ ರೂಪದಲ್ಲಿ ಆ ಮನೆಗೆ ಹೋಗಿ ಮೂಲೆಯಲ್ಲಿ ನಿಲ್ಲುವಳು. ಏನೂ ಮಾಡುವಂತಿರಲಿಲ್ಲ, ಸುಮ್ಮನೆ ಕಾವಲು. "ದೆವ್ವದ ಕೆಲ್ಸ ಹಿಡಿದಿದೀಯ," ಅಂತ ನಾನು ರೇಗಿಸುತ್ತಿದ್ದೆ. "ದೆವ್ವ ಆಗಿದ್ರೆ ಯಾರನ್ನಾದ್ರೂ ಹಿಡ್ಕೋಬಹುದಿತ್ತು," ಅನ್ನುವಳು.

ಒಂದು ಮಧ್ಯಾಹ್ನ ದನಿಗಳ ದೂರ ಸರಿಯಿದೆಯೋ ನೋಡಲು ನಾನೂ ಅವಳ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮನೆಯೊಳಗೆ ಒಬ್ಬ ಆಟಗಾರ ಒಲೆಯ ಮುಂದೆ ಅಲ್ಲಾಡದೆ ನಿಂತಿದ್ದ. ಇಬ್ಬರು ಹುಡುಗರು ನುಗ್ಗಿ ಅವನನ್ನು ಗುಂಡಿಟ್ಟು ಕೊಂದರು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಹುಟ್ಟಿ ಊರಾಚೆಯಿಂದ ನಡೆದು ಬಂದು ಅಲ್ಲೇ ನಿಂತ. ಮತ್ತೆ ಕೊಂದರು. ಮತ್ತೆ ಬಂದ.

"ಹೊಡೀಬೇಕಾ, ಹೊಡೀರಪ್ಪ," ಎಂದಿತು ವಯಸ್ಸಾದ ಗಂಡಸಿನ ದನಿ. "ಆದ್ರೆ ಒಲೆಗೆ ಅಡ್ಡ ನಿಲ್ಬೇಡಿ. ನಾನು ನೋಡ್ತಿದೀನಿ."

ಹುಡುಗರು ನಗುತ್ತಾ ಹೊರಟುಹೋದರು. ಅವನ ಜೊತೆ ಒಬ್ಬಳು ಹೆಣ್ಣುಮಗಳೂ ಬಂದಿದ್ದಳು. ಮಾತಿನಲ್ಲಿ ಅಪ್ಪ ಮಗಳು ಎಂದು ತಿಳಿಯಿತು. ಅಪ್ಪ ಇರುವುದು ಚೆರ್ನಿಹಿವ್‌ನಲ್ಲಿ, ಮಗಳು ಪೋಲೆಂಡಿನಲ್ಲಿ ದುಡಿಯುವವಳು. ಬಿಡುವಾದಾಗ ಇಬ್ಬರೂ ಆಟದೊಳಗೆ ಸೇರಿ ಅಡ್ಡಾಡುತ್ತಿದ್ದರು.

"ಬಾ ಅಪ್ಪ, ಇಲ್ಲೇನಿದೆ," ಅಂದಳು ಮಗಳು.

"ಈ ಹುಂಜ ನಂಗೊತ್ತು, ಇನ್ನಾ."

"ಎಲ್ರಿಗೂ ಗೊತ್ತು. ಬನಿಯನ್ ಮೇಲೂ ಇದೆ."

"ಹಂಗಲ್ಲಮ್ಮ. ಆ ಮುದುಕಿ ಮೊದ್ಲು ಎರಡೇ ಕಾಲು ಬರೆದಿದ್ಲು. ಒಂದು ಸೊಟ್ಟಗಾಯ್ತು. ಹುಂಜ ಕುಂಟುತ್ತೆ ಅಂತ ಮೊಮ್ಮಗಳು ಅತ್ಳಂತೆ. ಅದಕ್ಕೆ ಇನ್ನೊಂದು ಕಾಲು ಕೊಟ್ಲು. ನಂಗೆ ಅವಳೇ ಹೇಳಿದ್ದು."

ನಾನು ರಯೀಸಾಳ ಕಡೆ ತಿರುಗಿದೆ. ಕಂಪನಿಯವರು ಆಟಗಾರರೊಂದಿಗೆ ಮಾತಾಡಕೂಡದು ಎಂದು ಕಟ್ಟಪ್ಪಣೆ ಇತ್ತು. ಅವಳ ಬೆರಳು ಮೈಕಿನ ಗುಂಡಿ ಒತ್ತಿತು.

"ಆ ಮೊಮ್ಮಗಳ ಹೆಸರೇನು?"

ಯಾರೂ ಕಾಣದ ಕಡೆಯಿಂದ ದನಿ ಬಂದದ್ದಕ್ಕೆ ಮಗಳು ಕಿಟಾರನೆ ಕಿರುಚಿದಳು. ಅಪ್ಪ ಮಾತ್ರ ನಿಧಾನವಾಗಿ ಹೇಳಿದ: "ರಾಯ್ಕಾ. ದಿನಾ ರಾಯ್ಕಾ ರಾಯ್ಕಾ ಅಂತಿದ್ಲು. ನೀವ್ಯಾರು?"

"ದಿನಾ ಅಂದ್ರೆ? ಯಾವಾಗ?"

"ಆ ಬೇಸಿಗೆ. ಊರು ಖಾಲಿ ಆದ್ಮೇಲೆ."

ರಾಯ್ಕಾ ಎಂಬುದು ರಯೀಸಾಳ ಮುದ್ದಿನ ಹೆಸರು. ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಇಟ್ಟಳು. ಎದ್ದಳು, ಮತ್ತೆ ಕೂತಳು. ಅವನ ಫೋನ್ ನಂಬರು ಕೇಳಿ ಬರೆದುಕೊಂಡವನು ನಾನು.

ಅವನ ಹೆಸರು ಅನತೋಲಿ ಬೊಂದಾರ್. ಬಸ್ಸಿನ ಮೆಕ್ಯಾನಿಕ್ ಆಗಿದ್ದವನು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಅದೇ ಭಾನುವಾರ ಕೀವ್‌ಗೆ ಬಂದ. ರಯೀಸಾ ಅವನನ್ನು ನೇರ ತಾಯಿಯ ಮನೆಗೇ ಕರೆದುಕೊಂಡು ಹೋದಳು. ಒಬ್ಬಳಿಗೇ ಧೈರ್ಯ ಸಾಲದೆಂದು ನನ್ನನ್ನೂ ಎಳೆದುಕೊಂಡು ಹೋದಳು. ಲೀದಾಳಿಗೆ ಮುಂಚೆ ಏನೂ ತಿಳಿಸಿರಲಿಲ್ಲ. ಊರಿನ ವಿಷಯ ಗೊತ್ತಿರುವವರೊಬ್ಬರು ಬರುತ್ತಾರೆ ಎಂದಷ್ಟೇ ಹೇಳಿದ್ದಳು. ಲೀದಾ ಬೀಟ್‌ರೂಟಿನ ಸಾರು ಬೋರ್ಶ್ ಮಾಡಿ, ಮೇಜಿಗೆ ಒಳ್ಳೆಯ ಬಟ್ಟೆ ಹಾಸಿದ್ದಳು.

ಅನತೋಲಿ ಚಮಚ ಮುಟ್ಟಲಿಲ್ಲ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದ.

"ಆಗ ನಾನು ಸೈನ್ಯದಲ್ಲಿದ್ದೆ ಅಕ್ಕ, ಮೀಸೆ ಮೂಡೋ ವಯಸ್ಸು. ಮನೆಗಳಿಗೆ ಹಲಗೆ ಹೊಡೀರಿ ಅಂದ್ರು, ಹೊಡೆದ್ವಿ. ನಿಮ್ಮ ಬಾಗಿಲಿಗೆ ಮೊಳೆ ಹೊಡೆದೋನು ನಾನೇ. ಒಳಗೆ ನೋಡ್ಲಿಲ್ಲ. ಆಮೇಲೆ ಊರಿನ ವಿಷದ ಧೂಳು ತೊಳೆಯೋಕೆ ಅಂತ ಮತ್ತೆ ಬಂದ್ವಿ. ಅಷ್ಟೊತ್ತಿಗೆ ಒಂದು ವಾರದ ಮೇಲಾಗಿತ್ತು. ಚಿಮಣಿಯಲ್ಲಿ ಹೊಗೆ."

ಲೀದಾಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಹಲಗೆ ಕಿತ್ತು ಒಳಗೆ ಹೋದ್ವಿ. ಅಜ್ಜಿ ಒಲೆ ಮುಂದೆ ಕೂತು ಆಲೂಗಡ್ಡೆ ತುರೀತಿದ್ಲು. ನೆಲಮಾಳಿಗೆಯಲ್ಲಿ ಬಚ್ಚಿಟ್ಕೊಂಡಿದ್ಲಂತೆ. ಬದುಕಿರೋರನ್ನ ಒಳಗೆ ಹಾಕಿ ಮೊಳೆ ಹೊಡೆದಿದೀನಿ ಅಂತ ಗೊತ್ತಾದ್ರೆ ಹೆಂಗಾಗುತ್ತೆ ಹೇಳಿ. ಅವಳೇನಂದ್ಲು ಗೊತ್ತಾ? ಇಷ್ಟು ದಿನ ನೆಮ್ಮದಿಯಾಗಿತ್ತು, ಯಾಕೆ ಕಿತ್ತೆ ಅಂದ್ಲು."

"ಅವಳೇ," ಅಂದಳು ಲೀದಾ, ಯಾರಿಗೂ ಅಲ್ಲದಂತೆ.

"ಮೇಲಿನವರಿಗೆ ಹೇಳ್ಲಿಲ್ಲ. ಹೇಳಿದ್ರೆ ಎತ್ಕೊಂಡು ಹೋಗ್ತಿದ್ರು. ಅವಳು ಕಾಲು ಹಿಡಿದು ಕೇಳ್ಕೊಂಡ್ಲು. ನಾವು ಬ್ರೆಡ್ಡು, ಉಪ್ಪು, ಸೀಮೆಎಣ್ಣೆ ತಂದುಕೊಡ್ತಿದ್ವಿ. ಅವಳು ಆಲೂಗಡ್ಡೆ ತುರಿದು ದೋಸೆ ಥರ ದೆರುನಿ ಕರಿದು ಕೊಡೋಳು. ತಿನ್ನಬಾರದು ಅಂತ ಗೊತ್ತಿತ್ತು, ತಿಂದ್ವಿ. ಎಲ್ರೂ ಆ ಮನೇಲೇ ಬಿದ್ದಿರ್ತಿದ್ವಿ ಅಕ್ಕ. ಹಾಡು, ಇಸ್ಪೀಟು, ಜಗಳ. ಅವಳು ನಮ್ಮ ಕಾಲ್ಚೀಲ ಹೊಲೀತಿದ್ಲು, ಬೈತಿದ್ಲು. ಅಷ್ಟು ಜನ ಆ ಮನೇಲಿ ಯಾವತ್ತೂ ಇರ್ಲಿಲ್ವಂತೆ."

ರಯೀಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಅಷ್ಟು ವರ್ಷ ಅವಳು ಪರದೆಯ ಮೇಲೆ ಕಟ್ಟಿ ಕಟ್ಟಿ ಕಾದಿದ್ದ ಖಾಲಿ ಮನೆ ಅದು. ಆ ಬೇಸಿಗೆ ಅದು ಒಂದು ದಿನವೂ ಖಾಲಿ ಇರಲಿಲ್ಲ.

"ಮೊದಲ ಹಿಮ ಬಿದ್ದ ದಿನ ಬೆಳಿಗ್ಗೆ ಹೋದಾಗ ಮಲಗಿದಲ್ಲೇ ಹೋಗಿದ್ಲು. ಹಿತ್ತಲ ಪಿಯರ್ ಹಣ್ಣಿನ ಮರದ ಹತ್ರ ಮಣ್ಣು ಮಾಡಿದ್ವಿ. ಶಿಲುಬೆಗೆ ಹೆಸರು ಬರೆಯೋಣ ಅಂದ್ರೆ ಮೋತ್ರಾ ಅನ್ನೋದು ಬಿಟ್ರೆ ಮನೆತನದ ಹೆಸರೂ ಗೊತ್ತಿಲ್ಲ. ಆಮೇಲೆ ನಮ್ಮನ್ನ ಮನೆಗೆ ಕಳಿಸಿದ್ರು. ಯಾರನ್ನ ಹುಡುಕ್ಲಿ, ಯಾರಿಗೆ ಹೇಳ್ಲಿ? ಆ ಹುಡುಗರಲ್ಲಿ ಈಗ ಉಳಿದಿರೋದು ನಾನೊಬ್ಬ."

ಲೀದಾ ಅಳುತ್ತಾಳೆ ಅಂದುಕೊಂಡೆ. ಅವಳು ಸೌಟನ್ನು ಪಾತ್ರೆಯೊಳಗಿಟ್ಟು ಕೇಳಿದಳು:

"ಆಲೂಗಡ್ಡೆ ಕಿತ್ತೋರು ಯಾರು?"

"ಹಾಂ?"

"ನಾವು ಬಿತ್ತಿ ಬಂದಿದ್ವಲ್ಲ. ಅವಳ ಬೆನ್ನು ಬಗ್ತಿರ್ಲಿಲ್ಲ. ಕಿತ್ತೋರು ಯಾರು?"

"ನಾವೇ ಕಿತ್ವಿ, ಅಕ್ಕ."

"ಅಷ್ಟನ್ನೂ?"

"ಅಷ್ಟನ್ನೂ. ಬಿಡ್ತಿದ್ಲಾ ಅವಳು."

ಲೀದಾ ಆಗ ಕೂತಳು. ಮೇಜಿನ ಬಟ್ಟೆಯ ಅಂಚನ್ನು ಮಡಚಿದಳು, ಬಿಚ್ಚಿದಳು. "ಇಷ್ಟು ವರ್ಷ ಮೇ ತಿಂಗಳಲ್ಲಿ ಮೇಣದಬತ್ತಿ ಹಚ್ಚಿದೀನಿ," ಅಂದಳು. "ಅವಳು ಬದುಕಿ ದೆರುನಿ ಕರೀತಿದ್ದಾಗ ನಾನು ಇಲ್ಲಿ ಸತ್ಲು ಅಂತ ಅತ್ತಿದೀನಿ." ಆಮೇಲೆ ಅನತೋಲಿಯ ತಟ್ಟೆಯನ್ನು ಅವನ ಹತ್ತಿರ ತಳ್ಳಿದಳು. "ಊಟ ಮಾಡು. ಆರಿಹೋಗುತ್ತೆ."

ವಿಷಯ ಕಂಪನಿಯಲ್ಲಿ ಹೇಗೋ ಹರಡಿತು. ಯಾರೆಮಾ ಓಡಿಬಂದ. ಇದನ್ನು ಚಿತ್ರ ಮಾಡಿ ಲೋಕಕ್ಕೆಲ್ಲ ತೋರಿಸೋಣ, ಆಟದಲ್ಲಿ ಅಜ್ಜಿಯನ್ನೂ ಇಡೋಣ, ಅವಳು ಆಟಗಾರರಿಗೆ ತಿಂಡಿ ಕೊಡಲಿ ಎಂದ. ರಯೀಸಾ ಅವನ ಮುಖವನ್ನೇ ನೋಡಿದಳು. "ನಿಮ್ಮ ತಾಯಿ ಇದ್ದಾರಲ್ಲ, ಅವರನ್ನ ಇಡಿ," ಅಂದಳು. ಮಾತು ಅಲ್ಲಿಗೇ ನಿಂತಿತು. ಊಟದ ಬಿಡುವಿನಲ್ಲಿ ಕಾವಲು ಹೋಗುವುದನ್ನು ಅವಳು ಬಿಟ್ಟಳು. ಹುಡುಗರು ಮೇಜಿನ ಮೇಲೆ ಕುಣಿಯುತ್ತಿದ್ದಾರೆ ಎಂದು ಯಾರಾದರೂ ಹೇಳಿದರೆ, "ಕುಣೀಲಿ ಬಿಡು, ಗಟ್ಟಿ ಮೇಜು," ಅನ್ನುತ್ತಿದ್ದಳು.

ಮರುವಸಂತದಲ್ಲಿ, ಈಸ್ಟರ್ ಕಳೆದು ಹಿರಿಯರ ಗೋರಿಗೆ ಹೋಗಲು ಊರು ಬಿಟ್ಟವರಿಗೆ ಅಪ್ಪಣೆ ಸಿಗುವ ದಿನ, ನಾವು ನಾಲ್ವರೂ ಲೋಝಿಗೆ ಹೋದೆವು. ಮನೆಯ ಸೂರು ಕುಸಿದಿತ್ತು. ಒಲೆಯಿದ್ದ ಕಡೆ ಇಟ್ಟಿಗೆಯ ಗುಡ್ಡೆ. ಹಿತ್ತಿಲಲ್ಲಿ ಬರ್ಚ್ ಗಿಡಗಳು ಒತ್ತಾಗಿ ಎದ್ದು ದಾರಿಯೇ ಇರಲಿಲ್ಲ. ಅನತೋಲಿ ದಿಕ್ಕು ತಪ್ಪಿ ಎರಡು ಸಲ ಹಿಂದೆ ಬಂದ. ಕೊನೆಗೆ ಅರ್ಧ ಒಣಗಿದ ಪಿಯರ್ ಮರದ ಬುಡದಲ್ಲಿ ಮಂಡಿಯೂರಿ ಎಲೆ ಸರಿಸಿದ. ಶಿಲುಬೆ ಕೊಳೆತುಹೋಗಿತ್ತು, ನೆಟ್ಟ ಕಬ್ಬಿಣದ ಕಂಬಿ ಉಳಿದಿತ್ತು.

ರಯೀಸಾ ನೆಲಕ್ಕೆ ಕೈ ಊರಿ ಬಹಳ ಹೊತ್ತು ಕೂತಳು. ನೆಲ ಮುಟ್ಟಬೇಡಿ ಎಂದು ಜೊತೆಗೆ ಬಂದ ಕಾವಲಿನವನು ಹೇಳಿದ. ಅವಳು ಕೈ ತೆಗೆಯಲಿಲ್ಲ.

ಲೀದಾ ಬಣ್ಣ ಹಾಕಿದ ಮೊಟ್ಟೆ, ಸಿಹಿ ಬ್ರೆಡ್ಡಿನ ತುಂಡು ಇಟ್ಟಳು. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು.

"ಕೋಳಿಗೂಡು ಹಾಕಿ ಬರ್ತೀನಿ ಅಂದೆಯಲ್ಲಮ್ಮ," ಅಂದಳು. ಬೈಯುವ ದನಿ. "ನಾನು ಬಸ್ಸಲ್ಲಿ ಪಕ್ಕದ ಸೀಟಿಗೆ ಗಂಟು ಇಟ್ಟು, ಯಾರ್ಯಾರ ಜೊತೆಯೋ ಜಗಳ ಆಡಿ, ಇಳಿಯೋ ತನಕ ಆ ಸೀಟು ನಿಂಗೇ ಅಂತ ಹಿಡ್ಕೊಂಡು ಕೂತಿದ್ದೆ. ಒಂದು ಮಾತು ಹೇಳಿ ಹೋಗೋದಲ್ವಾ."

ಅನತೋಲಿ ಟೋಪಿ ತೆಗೆದು ದೂರ ನಿಂತಿದ್ದ. ಲೀದಾ ಅವನ ಕಡೆ ತಿರುಗಿ, "ಅಲ್ಯಾಕೆ ನಿಂತೆ, ಹತ್ರ ಬಾ," ಅಂದಳು. "ನಿನ್ನನ್ನ ಅವಳು ಏನಂತ ಕರೀತಿದ್ಲು?"

"ತೋಲಿಕ್."

"ಬಾ ತೋಲಿಕ್. ನಿನ್ನ ಜೊತೆಗಿದ್ದ ಆ ಹುಡುಗರ ಹೆಸರೆಲ್ಲ ಹೇಳು. ಅವರಿಗೂ ಒಂದೊಂದು ಬತ್ತಿ ಹಚ್ಚೋಣ."

ಅವನು ಒಂದೊಂದೇ ಹೆಸರು ಹೇಳುತ್ತಾ ಹೋದ. ಲೀದಾ ಗಾಳಿಗೆ ಕೋಟಿನ ಅಂಚು ಅಡ್ಡ ಹಿಡಿದು ಹಚ್ಚುತ್ತಾ ಹೋದಳು. ತಂದ ಬತ್ತಿಗಳು ಸಾಲಲಿಲ್ಲ. ಉಳಿದ ಹೆಸರುಗಳಿಗೆ ರಯೀಸಾ ಕೊನೆಯ ಬತ್ತಿಯನ್ನು ಮುರಿದು ತುಂಡು ಮಾಡಿದಳು.