‘ಕಿ’ ಅಂದ್ರೆ ಗಂಟು

ಈವತ್ತು ಮಗಳ ಫ್ರೆಂಚ್ ಪುಸ್ತಕದಲ್ಲಿ ‘ಕಿ’ ಅನ್ನೋ ಪದ ಕಂಡಿದ್ದೇ, ಮೂಗಿಗೆ ಬೇಯೋ ರೇಷ್ಮೆಗೂಡಿನ ವಾಸನೆ ಬಂದ್ಬಿಡ್ತು.

ವಿಜಯಪುರದಲ್ಲಿ ಅಮ್ಮ ರೇಷ್ಮೆ ನೂಲು ತೆಗೆಯೋ ಕೆಲಸಕ್ಕೆ ಹೋಗ್ತಿದ್ಲು. ಬಿಸಿನೀರಲ್ಲಿ ನೆಂದು ಬೆರಳೆಲ್ಲ ಬೆಳ್ಳಗೆ ಸುಕ್ಕಾಗಿರ್ತಿತ್ತು. ಆ ಕೂಲಿಯಲ್ಲೇ ನನ್ನನ್ನ ದೊಡ್ಡ ಸ್ಕೂಲಿಗೆ ಹಾಕಿದ್ಲು. ನಾನು ಫ್ರೆಂಚ್ ಪಾಠ ಉರು ಹೊಡೀತಿದ್ದಾಗ ಒಂದಿನ, “ಕಿ ಅಂದ್ರೇನೇ?” ಅಂದ್ಲು.

“ಎರಡು ಮಾತು ಸೇರಿಸೋ ಪದ ಕಣಮ್ಮ.”

“ಓ, ತುಂಡಾದ ಎಳೆಗೆ ನಾವು ಹಾಕೋ ಗಂಟು!”

ಆಮೇಲೊಂದಿನ ನಾನು ಮರೆತ ಊಟದ ಡಬ್ಬಿ ಹಿಡ್ಕೊಂಡು, ಕೆಲಸದ ಸೀರೆಯಲ್ಲೇ ಸ್ಕೂಲಿಗೆ ಬಂದ್ಲು. ಗೆಳತಿಯರು ಮೂಗು ಮುಚ್ಚಿಕೊಂಡ್ರು. ಮಿಸ್ಸು ಫ್ರೆಂಚಲ್ಲೇ “ಯಾರಿವರು?” ಅಂದ್ರು. ನಾನೂ ಫ್ರೆಂಚಲ್ಲೇ, ‘ಕಿ’ ಸೇರಿಸಿ, ಒಂದು ತಪ್ಪೂ ಇಲ್ಲದೆ ಹೇಳಿದೆ: “ನಮ್ಮನೇಲಿ ಕೆಲಸ ಮಾಡೋ ಹೆಂಗಸು.” ಮಿಸ್ಸು ಭೇಷ್ ಅಂದ್ರು. ಪಕ್ಕದಲ್ಲಿ ಅಮ್ಮನೂ ನಕ್ಕಳು.

ಸಂಜೆ ಕೇಳಿದ್ಲು: “ನನ್ನ ತೋರಿಸಿ ಕಿ ಅಂದ್ಯಲ್ಲ, ಯಾವುದಕ್ಕೆ ಯಾವುದನ್ನ ಗಂಟು ಹಾಕ್ದೆ?”

“ನನ್ನನ್ನ ಓದಿಸ್ತಿರೋ ಅಮ್ಮ ಅಂದೆ.”

ಈಗ ಅಮ್ಮ ಮೊಮ್ಮಗಳ ಪಕ್ಕ ಕೂತಿದ್ದಾಳೆ. “ಕಿ ಅಂದ್ರೆ ಗಂಟು ಕಣವ್ವಾ. ನಿಮ್ಮಮ್ಮ ಅವತ್ತು ಮಿಸ್ಸಿಗೆ ನನ್ನ ಬಗ್ಗೆ ಏನಂದ್ಲು ಗೊತ್ತಾ?” ಅಂತ ಶುರು ಮಾಡಿದ್ದಾಳೆ. ನಾನು ಅಡುಗೆಮನೆಗೆ ಎದ್ದು ಬಂದ್ಬಿಟ್ಟೆ.