ಬ್ರಷ್ ಅಕ್ಕ ವಾಪಸ್ ಪಡೆದ ಮಾತು

ಫೋನು ಕೆಟ್ಟಿದೆ ಎಂದು ಯಾರೇ ಬರಲಿ, ಆಕೆಯ ಕೈ ಮೊದಲು ಹೋಗುತ್ತಿದ್ದುದು ಒಂದು ಹಳೆಯ ಹಲ್ಲುಜ್ಜುವ ಬ್ರಷ್‌ ಕಡೆಗೆ. ಫೋನನ್ನು ಆಫ್ ಮಾಡಿ, ಚಾರ್ಜರ್ ಚುಚ್ಚುವ ತೂತಿನೊಳಗೆ ಬ್ರಷ್ಷಾಡಿಸಿ, ಜೇಬಿನ ನೂಲು, ಧೂಳು, ಬಿಸ್ಕತ್ತಿನ ಪುಡಿ ಎಲ್ಲವನ್ನೂ ಹೊರಗೆಳೆದು, ಮತ್ತೆ ಚಾರ್ಜರ್ ಹಾಕಿ ತೋರಿಸುವಳು. ಹತ್ತರಲ್ಲಿ ನಾಲ್ಕು ಫೋನು ಅಷ್ಟಕ್ಕೇ ಸರಿಹೋಗುತ್ತಿದ್ದವು. ಹೊಸದು ಕೊಳ್ಳಲೇಬೇಕೆಂದು ಮನೆಯಲ್ಲಿ ಜಗಳ ತೆಗೆದು ಬಂದವರಿಗೆ ಇದರಿಂದ ಆಗುತ್ತಿದ್ದ ನಿರಾಸೆ ಅಷ್ಟಿಷ್ಟಲ್ಲ. ಹಾಗೆ ಜೋಲು ಮೋರೆ ಹಾಕಿಕೊಂಡು ಹೋದ ಯಾರೋ ಇಟ್ಟ ಹೆಸರಿರಬೇಕು, ಊರಿಗೆಲ್ಲ ಆಕೆ ಬ್ರಷ್ ಅಕ್ಕ.

ಅಂಗಡಿ ಎಂದರೆ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿ. ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕು. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಅಕ್ಕ ಸ್ಕ್ರೂಡ್ರೈವರ್ ಎತ್ತಿ ಹಿಡಿದು, ಮೇಜಿನ ಅದುರು ನಿಂತ ಮೇಲೆ ಕೆಲಸ ಮುಂದುವರಿಸುವಳು. ಮೊದಲು ಅಪ್ಪನ ಜೊತೆ ಟೈಪ್‌ರೈಟರ್ ರಿಪೇರಿ, ಆಮೇಲೆ ಕಂಪ್ಯೂಟರ್, ಈಗ ಫೋನು. ಕಾಲ ಮೂರು ಸಲ ಬದಲಾದರೂ ಮೇಜು ಅದೇ, ಐವತ್ತಾರರ ಆಕೆ ಕೂರುವ ಸ್ಟೂಲೂ ಅದೇ.

ಈ ಸಂದಿಯಲ್ಲಿ ಕೂತೇ ಆಕೆ ಹದಿನಾಲ್ಕು ವರ್ಷ ಊರಿನ ವಾರಪತ್ರಿಕೆಗೆ ಅಂಕಣ ಬರೆದಳು. ಹೆಸರು 'ಕೊಳ್ಳುವ ಮುನ್ನ'. ಪ್ರತಿ ಶುಕ್ರವಾರ ಕಾಲು ಪುಟ, ಪಕ್ಕದಲ್ಲಿ ಕನ್ನಡಕ ಹಾಕಿದ ಆಕೆಯ ಚಿಕ್ಕ ಫೋಟೊ. ಹಳೇ ಕಂಪ್ಯೂಟರ್ ನಿಧಾನವಾಯಿತೆಂದು ಬಿಸಾಡಬೇಡಿ, ಒಳಗಿನ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಇನ್ನೂ ಐದು ವರ್ಷ ಓಡುತ್ತದೆ. ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ, ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆಂದು ಕೇಳಿ. ಅಂಗಡಿಯವನು ತಲೆ ಕೆರೆದುಕೊಂಡರೆ ಎದ್ದು ಬನ್ನಿ. ಹೀಗೆ ಮುಖಕ್ಕೆ ಹೊಡೆದ ಹಾಗೆ ಬರೆಯುವುದೇ ಆಕೆಯ ರೀತಿ. ಆಕೆಗೆ ಬೇರೆ ರೀತಿ ಬರುತ್ತಲೂ ಇರಲಿಲ್ಲ.

ಕಡಿಮೆ ದರದ ಫೋನುಗಳನ್ನು ಪರೀಕ್ಷಿಸಲು ಆಕೆಗೊಂದು ಸ್ವಂತ ಪದ್ಧತಿ ಇತ್ತು. ಹೊಸ ಫೋನು ಮಾರುಕಟ್ಟೆಗೆ ಬಂದೊಡನೆ, ಊರಿನಲ್ಲಿ ಅದನ್ನು ಮೊದಲು ಕೊಂಡವರನ್ನು ಹುಡುಕಿ, ಎಂಟು ದಿನಕ್ಕೆ ಕಡ ಕೇಳುವಳು. ಅಷ್ಟು ದಿನಕ್ಕೆ ಅವರಿಗೆ ತನ್ನ ಡ್ರಾಯರಿನ ಒಂದು ಫೋನು ಕೊಡುವಳು. ಕಡ ತಂದದ್ದು ನೇರ ಹೋಗುತ್ತಿದ್ದುದು ಅತ್ತಿಗೆಯ ಹಿಟ್ಟಿನ ಗಿರಣಿಗೆ. ಅಣ್ಣ ತೀರಿಕೊಂಡ ಮೇಲೆ ಗಿರಣಿಯನ್ನು ಅತ್ತಿಗೆಯೇ ನಡೆಸುತ್ತಿದ್ದಳು. ಅಲ್ಲಿ ಗಾಳಿಯೂ ಅರ್ಧ ಹಿಟ್ಟು. ಯಂತ್ರದ ಸದ್ದಿಗೆ ಮನುಷ್ಯರ ಕೂಗೇ ಕೇಳುವುದಿಲ್ಲ, ಇನ್ನು ಫೋನಿನದೇನು? ನೆಲ ಕಲ್ಲಿನದು, ಅತ್ತಿಗೆಯ ಕೈ ಸದಾ ಹಿಟ್ಟಾದದ್ದು, ಹಿಡಿತ ಬಿಗಿಯಿಲ್ಲದ್ದು. ಅಲ್ಲಿ ಎಂಟು ದಿನ ಬಾಳಿದ ಫೋನು ಎಲ್ಲಿ ಬೇಕಾದರೂ ಬಾಳುತ್ತದೆ. ಒಂಬತ್ತನೆಯ ದಿನ ಅತ್ತಿಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುವಳು. ಅಕ್ಕ ಅದನ್ನು ಕಾಲು ಪುಟಕ್ಕೆ ಹಿಗ್ಗಿಸುವಳು. ಏಟು ಬಿದ್ದರೆ ಕಡ ಕೊಟ್ಟವರಿಗೆ ಉತ್ತರ ಹೇಳಬೇಕಲ್ಲ, ಹಾಗಾಗಿ ಫೋನು ಕೈಗೆ ಬಂದಾಗೆಲ್ಲ ಅತ್ತಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆ, ಇದು ಯಾರದ್ದು ಅಂತ.

ಎಡವಟ್ಟಾದದ್ದು ಈ ಪದ್ಧತಿಯನ್ನು ಒಂದೇ ಒಂದು ಸಲ ಮುರಿದಾಗ.

ಒಂದು ದಿನ ಅಂಗಡಿಗೆ ಪಾರ್ಸೆಲ್ ಬಂತು. ದೊಡ್ಡ ಕಂಪನಿಯೊಂದು ಇನ್ನೂ ಮಾರಾಟಕ್ಕೇ ಬಿಡದ ಹೊಸ ಅಗ್ಗದ ಫೋನನ್ನು ಆಕೆಗೇ ನೇರವಾಗಿ ಕಳಿಸಿತ್ತು. ಜೊತೆಯ ಪತ್ರದಲ್ಲಿ ಆಕೆಯನ್ನು 'ಗೌರವಾನ್ವಿತ ತಂತ್ರಜ್ಞಾನ ವಿಮರ್ಶಕಿ' ಎಂದು ಕರೆದಿದ್ದರು. ಮೆಟ್ಟಿಲ ಕೆಳಗೆ ಕೂತು ಬೆನ್ನು ಬಾಗಿದ ಹೆಂಗಸು, ಅಷ್ಟುದ್ದದ ಗೌರವ ಕಂಡು ಉಬ್ಬಿಹೋದಳು. ಉಬ್ಬದೇ ಇರಲು ಆಕೆಯೇನು ಕಲ್ಲೇ? ಪತ್ರವನ್ನು ಎರಡು ಸಲ ಓದಿ, ಮಡಚಿ, ಕ್ಯಾಷ್ ಡ್ರಾಯರಿನಲ್ಲಿ ಇಟ್ಟುಕೊಂಡಳು. ಅತ್ತಿಗೆ ಎಂದಿನಂತೆ ಯಾರದ್ದೆಂದು ಕೇಳಿದಳು.

"ಯಾರದ್ದೂ ಅಲ್ಲ, ಕಂಪನಿ ಕಳಿಸಿದ್ದು."

"ಯಾರೂ ಕೊಂಡಿಲ್ದೇ ಇರೋ ಫೋನ್ ನಂಗ್ಯಾಕೆ ಕೊಡ್ತೀಯೆ?"

ಅಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನು ನಿಜವಾಗಿಯೂ ಚೆನ್ನಾಗಿತ್ತು. ಎಂಟು ದಿನ ಹಿಟ್ಟು ಕುಡಿದೂ ಒಮ್ಮೆಯೂ ತಡವರಿಸಲಿಲ್ಲ. ಆ ಶುಕ್ರವಾರದ ಅಂಕಣದ ಕೊನೆಯ ಸಾಲು ಹೀಗಿತ್ತು: 'ಈ ದರದಲ್ಲಿ ಇದಕ್ಕಿಂತ ಒಳ್ಳೆಯ ಫೋನು ನನ್ನ ಕೈಗೆ ಬಂದಿಲ್ಲ.'

ಎರಡು ತಿಂಗಳ ನಂತರ ಪಕ್ಕದ ಬೀದಿಯ ಹೊಲಿಗೆಯಾಕೆ ಬಂದಳು. ಗಿರಾಕಿಗಳ ಅಳತೆ, ಬಟ್ಟೆಯ ಚಿತ್ರ, ಬೇಕಾದ ಮಾದರಿ ಎಲ್ಲವನ್ನೂ ಆಕೆ ಫೋನಿನಲ್ಲೇ ಇಟ್ಟಿದ್ದಳು. ಈಗ ಒಂದು ಚಿತ್ರ ತೆರೆಯುವಷ್ಟರಲ್ಲಿ ಗಿರಾಕಿಯ ತಾಳ್ಮೆ ಮುಗಿಯುತ್ತಿತ್ತು. ಅಕ್ಕ ಅಭ್ಯಾಸದಂತೆ ಬ್ರಷ್ ಹಿಡಿದೇ ಕವರ್ ಬಿಚ್ಚಿದಳು. ಕವರಿನೊಳಗೆ ನಾಲ್ಕು ಮಡಿಕೆಯ ಕಾಗದ: ಆಕೆಯದೇ ಅಂಕಣ, ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ ಇಟ್ಟದ್ದು.

"ನೀವ್ ಬರೆದಿದ್ರಲ್ಲ ಅಕ್ಕ, ಅದಕ್ಕೇ ಬೇರೆ ಏನೂ ನೋಡ್ದೆ ತಗೊಂಡೆ" ಎಂದಳು ಹೊಲಿಗೆಯಾಕೆ. ಆ ಮಾತಿನಲ್ಲಿ ದೂರಿನ ಎಳೆಯೂ ಇರಲಿಲ್ಲ. ಅಕ್ಕನಿಗೆ ಅದೇ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಬೇಡದ ಆ್ಯಪ್ ತೆಗೆದಳು, ಜಾಗ ಖಾಲಿ ಮಾಡಿದಳು, ಅಪ್‌ಡೇಟ್ ಹಾಕಿದಳು. ಊಹೂಂ. ಅದೇ ವಾರ ಅದೇ ಫೋನು ಹಿಡಿದು ಬಸ್ ಚಾಲಕನೊಬ್ಬ ಬಂದ, ಶಾಲೆಯ ಕಾವಲುಗಾರ ಬಂದ. ಕೊನೆಗೆ ಅಕ್ಕ ಹೊಲಿಗೆಯಾಕೆಯ ಫೋನನ್ನೂ ಕಂಪನಿ ಕಳಿಸಿದ್ದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿ ಎರಡರ ಬೆನ್ನನ್ನೂ ಬಿಚ್ಚಿದಳು. ಹೊರಗೆ ಒಂದೇ ಬಣ್ಣ, ಒಂದೇ ಮಾಡೆಲ್ ನಂಬರು. ಒಳಗೆ, ಫೋಟೊ ಮತ್ತು ಆ್ಯಪ್‌ಗಳೆಲ್ಲ ಕೂರುವ ಮೆಮೊರಿ ಚಿಪ್ ಬೇರೆ. ತನಗೆ ಬಂದಿದ್ದರಲ್ಲಿ ಹೊಸ ಬಗೆಯ, ಚುರುಕಾದ ಚಿಪ್ಪು. ಕೊಂಡವರದ್ದರಲ್ಲಿ ಹಳೇ ಬಗೆಯ, ಎಳೆದಾಡುವ ಚಿಪ್ಪು. ಬರೆಯುವವರಿಗೊಂದು, ಓದುವವರಿಗೊಂದು. ಅಕ್ಕ ಭೂತಗನ್ನಡಿ ಕೆಳಗಿಟ್ಟಳು. ಸಿಟ್ಟು ಕಂಪನಿಯ ಮೇಲೆ ಎಷ್ಟಿತ್ತೋ ಡ್ರಾಯರಿನಲ್ಲಿದ್ದ ಆ ಗೌರವದ ಪತ್ರದ ಮೇಲೂ ಅಷ್ಟೇ ಇತ್ತು.

ಮೊದಲು ಮಾಡಿದ ಕೆಲಸವೆಂದರೆ, ಹೊಲಿಗೆಯಾಕೆಯ ಚಿತ್ರಗಳನ್ನೆಲ್ಲ ಕಂಪನಿಯ ಫೋನಿಗೆ ಹಾಕಿ ಅದನ್ನು ಆಕೆಯ ಕೈಗೆ ಕೊಟ್ಟದ್ದು. ಎಳೆದಾಡುವ ಫೋನನ್ನು ತಾನಿಟ್ಟುಕೊಂಡಳು. ಉಳಿದವರಿಗೆ ಕೊಡಲು ಆಕೆಯ ಬಳಿ ಫೋನಿರಲಿಲ್ಲ, ಮಾತು ಮಾತ್ರ ಇತ್ತು. 'ನಾನು ತಪ್ಪು ಬರೆದೆ' ಎಂಬ ತಲೆಬರಹ ಕೊಟ್ಟು, ಆದದ್ದನ್ನೆಲ್ಲ ಕಾಲು ಪುಟದಲ್ಲಿ ಬರೆದು ಸಂಪಾದಕರ ಬಳಿಗೆ ಹೋದಳು.

ಸಂಪಾದಕರು ಕೆಟ್ಟವರೇನಲ್ಲ. ಅಚ್ಚಿನ ಯಂತ್ರದ ಪಕ್ಕದ ಕೋಣೆಯಲ್ಲಿ ಕೂತು, ಪತ್ರಿಕೆ ಮುಂದಿನ ವಾರವೂ ಬರಬೇಕಲ್ಲ ಎಂಬ ಒಂದೇ ಚಿಂತೆಯಲ್ಲಿ ಕೂದಲು ಕಳೆದುಕೊಂಡವರು. ಓದಿದರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆ ಕಂಪನಿಯ ಜಾಹೀರಾತು ವರ್ಷಪೂರ್ತಿ ಕೊನೆಯ ಪುಟಕ್ಕೆ ಬರುತ್ತಿದೆ ಎಂದರು. ಬೇಕಾದರೆ ಫೋನು ಯಾಕೆ ನಿಧಾನವಾಗುತ್ತದೆ ಎಂದು ಹೆಸರು ಹೇಳದೆ ಸಾಮಾನ್ಯವಾಗಿ ಬರೆಯಿರಿ ಎಂದರು. ಅಕ್ಕ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆಗ ಅವರು ಒಂದು ಕಾಗದ ಮುಂದಿಟ್ಟರು. ಎರಡು ದಿನದ ಹಿಂದೆ, ಫೋನು ಅಂಕಣದಲ್ಲಿ ಬರೆದಂತಿಲ್ಲ ಎಂಬ ಯಾರೋ ಓದುಗರ ದೂರನ್ನು ಅವರು ಕಂಪನಿಗೆ ಕಳಿಸಿದ್ದರಂತೆ. ಇದು ಅದಕ್ಕೆ ಬಂದ ಉತ್ತರ. 'ಈ ಮಾಡೆಲ್‌ನ ಎಲ್ಲ ಫೋನುಗಳೂ ಒಂದೇ. ಒಂದಕ್ಕೂ ಇನ್ನೊಂದಕ್ಕೂ ಯಾವ ವ್ಯತ್ಯಾಸವೂ ಇಲ್ಲ.' ಕೆಳಗೆ ಸಹಿ, ಮೊಹರು.

"ನೋಡಿ, ಲಿಖಿತದಲ್ಲಿ ಕೊಟ್ಟಿದಾರೆ. ನಾನೇನ್ ಮಾಡ್ಲಿ?"

"ಇದರದ್ದೊಂದು ಜೆರಾಕ್ಸ್ ಕೊಡಿ ಸರ್. ಅಷ್ಟು ಮಾಡಿ ಸಾಕು."

ಮುಂದಿನ ಶುಕ್ರವಾರ ಅಂಕಣದ ಜಾಗದಲ್ಲಿ ಅಂಕಣ ಇರಲಿಲ್ಲ. ಕೊನೆಯ ಪುಟ ತಿರುಗಿಸಿದಾಗ ಅಕ್ಕನಿಗೆ ಮೈಯೆಲ್ಲ ಉರಿಯಿತು. ಇಡೀ ಪುಟ ಅದೇ ಫೋನು. ಅದರ ಪಕ್ಕದಲ್ಲಿ ಕನ್ನಡಕ ಹಾಕಿದ ತನ್ನದೇ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ ತನ್ನದೇ ಸಾಲು: 'ಈ ದರದಲ್ಲಿ ಇದಕ್ಕಿಂತ ಒಳ್ಳೆಯ ಫೋನು ನನ್ನ ಕೈಗೆ ಬಂದಿಲ್ಲ.' ಮಧ್ಯಾಹ್ನದ ಹೊತ್ತಿಗೆ ಅದೇ ಚಿತ್ರ ಆಳೆತ್ತರದ ಪೋಸ್ಟರ್ ಆಗಿ ಮುಖ್ಯರಸ್ತೆಯ ಮೊಬೈಲ್ ಶೋರೂಮಿನ ಬಾಗಿಲಲ್ಲಿ ನಿಂತಿದೆಯೆಂದು ಹೊಲಿಗೆಯಾಕೆ ಬಂದು ಹೇಳಿದಳು. ಹದಿನಾಲ್ಕು ವರ್ಷ ಯಾರ ಹಂಗಿಗೂ ಬೀಳದೆ ಉಳಿಸಿಕೊಂಡ ಮಾತು, ಈಗ ದಾರಿಯಲ್ಲಿ ನಿಂತು ಜನರನ್ನು ಕೈ ಹಿಡಿದು ಒಳಗೆ ಎಳೆಯುತ್ತಿತ್ತು.

ಅಕ್ಕ ಷಟರ್ ಎಳೆದಳು. ಚೀಲಕ್ಕೆ ದಪ್ಪ ಮಾರ್ಕರ್ ಹಾಕಿಕೊಂಡಳು. ದಾರಿಯಲ್ಲಿ ಗಿರಣಿಗೆ ಇಣುಕಿ ವಿಷಯ ಹೇಳಿದಳು. ಅತ್ತಿಗೆ ಯಂತ್ರದ ಸ್ವಿಚ್ಚು ಆರಿಸಿ, ಸಾಲಿನಲ್ಲಿ ನಿಂತಿದ್ದವರಿಗೆ ಅರ್ಧ ಗಂಟೆ ಕಾಯಿರಿ ಎಂದು ಸನ್ನೆ ಮಾಡಿ ಹೊರಟೇಬಿಟ್ಟಳು. ಹುಬ್ಬಿಗೂ ಹಿಟ್ಟು ಮೆತ್ತಿಕೊಂಡಿತ್ತು. ಒರೆಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿತ್ತು?

ಪೋಸ್ಟರಿನ ಅಕ್ಕ ನಿಜವಾದ ಅಕ್ಕನಿಗಿಂತ ಒಂದು ಗೇಣು ಎತ್ತರವಿದ್ದಳು, ನಾಲ್ಕು ಪಾಲು ಬೆಳ್ಳಗಿದ್ದಳು. ಅಕ್ಕ ಮಾರ್ಕರ್ ಬಿಚ್ಚಿ ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಳು. ಎರಡನೆಯ ಗೆರೆ ಎಳೆಯುವಷ್ಟರಲ್ಲಿ ಮ್ಯಾನೇಜರ್ ಓಡಿ ಬಂದ. ಹಿಂದೆಯೇ ಒಳಗಿದ್ದ ಗಿರಾಕಿಗಳೂ ಬಂದರು.

"ಏನ್ ಮಾಡ್ತಿದೀರಿ ನೀವು? ಪೋಸ್ಟರ್ ನಮ್ದು."

"ಪೋಸ್ಟರ್ ನೀವೇ ಇಟ್ಕೊಳ್ಳಿ. ಮಾತು ನಂದು, ನಾನ್ ವಾಪಸ್ ತಗೋತಿದೀನಿ."

ಮ್ಯಾನೇಜರ್ ಪೋಸ್ಟರಿನ ಮುಖವನ್ನೊಮ್ಮೆ, ಎದುರಿನ ಮುಖವನ್ನೊಮ್ಮೆ ನೋಡಿದ. ಆತನ ದನಿ ಇಳಿಯಿತು. ಬರೆದದ್ದು ನೀವೇ ಅಲ್ಲವೇ, ಯಾರಾದರೂ ಬಲವಂತ ಮಾಡಿದರೇ ಎಂದು ಕೇಳಿದ.

"ಯಾರೂ ಮಾಡ್ಲಿಲ್ಲ. ಬರೆದೋಳು ನಾನೇ, ತಪ್ಪೂ ನಂದೇ. ಆದ್ರೆ ನನ್ನ ಕೈಗೆ ಬಂದಿದ್ದು ನೀವ್ ಮಾರೋ ಫೋನಲ್ಲ."

ಎರಡೂ ಒಂದೇ ಎಂದು ಮ್ಯಾನೇಜರ್ ವಾದಿಸಿದ. ಹಾಗಾದರೆ ಒಂದು ಸೀಲು ಒಡೆಯದ ಡಬ್ಬಿ ತನ್ನಿ, ಇಲ್ಲೇ ಬಿಚ್ಚೋಣ, ಕಂಪನಿ ನನಗೆ ಕಳಿಸಿದ್ದು ಹೊಲಿಗೆಯಾಕೆಯ ಕೈಲಿದೆ, ಅದನ್ನೂ ತರಿಸೋಣ, ಒಂದೇ ಆಗಿದ್ದರೆ ಈ ಗೆರೆಯನ್ನು ನನ್ನ ಕೈಯಾರೆ ಒರೆಸಿ ಎಲ್ಲರ ಎದುರು ಕ್ಷಮೆ ಕೇಳುತ್ತೇನೆ ಎಂದಳು ಅಕ್ಕ. ಆತ ಕೌಂಟರ್ ಕಡೆ ನೋಡಿದನೇ ಹೊರತು ಹೆಜ್ಜೆ ಕೀಳಲಿಲ್ಲ. ಡಬ್ಬಿ ಕೈಲಿ ಹಿಡಿದಿದ್ದ ಒಬ್ಬ ಹಿರಿಯರು ಅದನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು, ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆಂದು ಕೇಳಿದರು. ಮ್ಯಾನೇಜರ್ ತಲೆ ಕೆರೆದುಕೊಂಡ. ಹಿರಿಯರು ಹೊರಟರು. ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದ ಕಡೆ ಗಾಜಿನ ಮೇಲೆ ಆಕೆಯ ಭುಜದ ಆಕಾರದಲ್ಲಿ ಹಿಟ್ಟು ಉಳಿಯಿತು.

ಅಂಕಣ ಅಲ್ಲಿಗೆ ನಿಂತಿತು. ಸಂಪಾದಕರು ಹೇಳಿಕಳಿಸಲೂ ಇಲ್ಲ, ಅಕ್ಕ ಕೇಳಲೂ ಇಲ್ಲ. ಹದಿನಾಲ್ಕು ವರ್ಷದ ಶುಕ್ರವಾರ ಹೋಯಿತಲ್ಲ ಎಂದು ಆಕೆಗೆ ದುಃಖವಾಯಿತು, ನಿಜವಾಗಿಯೂ ಆಯಿತು; ಮೊದಲೆರಡು ವಾರ ಕೈ ತಾನಾಗಿ ಪೆನ್ನು ಹುಡುಕುತ್ತಿತ್ತು. ಮೂರನೆಯ ವಾರ 'ನಾನು ತಪ್ಪು ಬರೆದೆ' ಎಂಬ ಆ ಕಾಲು ಪುಟವನ್ನು ದೊಡ್ಡ ಅಕ್ಷರದಲ್ಲಿ ಬರೆದು ತನ್ನದೇ ಷಟರ್ ಮೇಲೆ ಅಂಟಿಸಿದಳು. ಅಂದಿನಿಂದ ಶುಕ್ರವಾರದ ಬರಹ ಅಲ್ಲೇ. ಗಿರಣಿಗೆ ಫೋನುಗಳೂ ಮತ್ತೆ ಹೋಗತೊಡಗಿದವು, ಊರವರು ಕೊಂಡದ್ದು ಮಾತ್ರ.

ಆಮೇಲೆ ಕಂಪನಿಯಿಂದ ಪತ್ರ ಬಂತು. ಈ ಸಲ ಗೌರವಾನ್ವಿತವೂ ಇಲ್ಲ, ವಿಮರ್ಶಕಿಯೂ ಇಲ್ಲ. ಪರೀಕ್ಷೆಗೆಂದು ಕಳಿಸಿದ ಫೋನು ಕಂಪನಿಯ ಸ್ವತ್ತು, ಹತ್ತು ದಿನದೊಳಗೆ ಹಿಂದಿರುಗಿಸದಿದ್ದರೆ ಕ್ರಮ ಜರುಗಿಸಲಾಗುವುದು ಎಂದಿತ್ತು. ಹೊಲಿಗೆಯಾಕೆ ಹೆದರಿ ಫೋನು ತಂದು ಮೇಜಿನ ಮೇಲಿಟ್ಟಳು. ಅಕ್ಕ ಅದನ್ನು ಆಕೆಯ ಕೈಗೇ ತಿರುಗಿ ಕೊಟ್ಟು, ಹೋಗಿ ಬಟ್ಟೆ ಹೊಲಿ ಎಂದಳು.

ಆಮೇಲೆ ಎಳೆದಾಡುವ ಫೋನನ್ನು ತೆಗೆದು, ಬ್ರಷ್ಷಿನಲ್ಲಿ ಶುಚಿ ಮಾಡಿ, ಕಂಪನಿ ಕಳಿಸಿದ್ದ ಅದೇ ಚೆಂದದ ಡಬ್ಬಿಯೊಳಗೆ ಮಲಗಿಸಿದಳು. ಅದರ ಮೇಲೆ ಸಂಪಾದಕರಿಂದ ತಂದಿದ್ದ ಜೆರಾಕ್ಸ್ ಇಟ್ಟಳು. ಅದರ ಜೊತೆ ಎರಡು ಸಾಲು ಬರೆದಳು: 'ನೀವು ಕಳಿಸಿದ ಫೋನನ್ನು ನಿಮ್ಮ ಗ್ರಾಹಕರೊಬ್ಬರಿಗೆ ಕೊಟ್ಟಿದ್ದೇನೆ, ಇದು ಅವರು ಅಂಗಡಿಯಲ್ಲಿ ಕೊಂಡದ್ದು. ಒಂದಕ್ಕೂ ಇನ್ನೊಂದಕ್ಕೂ ಯಾವ ವ್ಯತ್ಯಾಸವೂ ಇಲ್ಲ ಎಂದು ನೀವೇ ಸಹಿ ಹಾಕಿರುವುದರಿಂದ ನಿಮ್ಮ ಸ್ವತ್ತು ನಿಮಗೆ ಸೇರಿತು; ವ್ಯತ್ಯಾಸವಿದ್ದರೆ ಬರೆದು ತಿಳಿಸಿ.'

ಪಾರ್ಸೆಲ್ ತಲುಪಿದ ರಸೀತಿ ಬಂದು ಏಳು ತಿಂಗಳಾಯಿತು. ಉತ್ತರ ಬಂದಿಲ್ಲ. ಬಂದರೆ ಅಂಟಿಸಬೇಕಲ್ಲ ಎಂದು ಅಕ್ಕ ಷಟರಿನ ನಡುವೆ ಒಂದು ಕಾಗದದಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾಳೆ, ಅಲ್ಲಿ ಧೂಳು ಕೂರದಂತೆ ದಿನವೂ ಒರೆಸುತ್ತಾಳೆ.