ಟೇಪಕ್ಕನ ಅಳತೆ

ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಈ ನಕ್ಷೆ ಕಲಿಸುವ ಮೇಡಂ ನಿದ್ದೆಯನ್ನೂ ಮಾಡುವುದಿಲ್ಲವೆಂಬುದು ಕಾಲೇಜಿನ ಹುಡುಗ ಹುಡುಗಿಯರ ಗುಮಾನಿ. ಅದಕ್ಕೇ ಅವಳು ಎಲ್ಲರಿಗೂ ಟೇಪಕ್ಕ. ಬಸ್‌ನಿಲ್ದಾಣದ ಪಕ್ಕದ ಖಾಲಿ ಜಾಗವನ್ನು ಹೇಗೆ ರೂಪಿಸಬೇಕೆಂದು ಕಲಿಸುವಾಗ ಅವಳು ಮೊದಲು ಪೆನ್ಸಿಲ್ ಕೊಡುವುದಿಲ್ಲ. ಒಂದು ಕೈಗೆ ತರಕಾರಿ ಚೀಲ, ಸೊಂಟಕ್ಕೆ ಮಗುವಿನಷ್ಟು ಭಾರದ ಹಿಟ್ಟಿನ ಮೂಟೆ ಕೊಟ್ಟು ಹತ್ತು ಸುತ್ತು ನಡೆಸುತ್ತಾಳೆ. “ಎಲ್ಲಿ ಸಾಕಪ್ಪಾ ಅನ್ಸುತ್ತೋ ಅಲ್ಲಿ ಗುರುತು ಹಾಕಿ, ಅಲ್ಲೇ ಬೆಂಚು.” ಬೆವರೊರೆಸಿಕೊಳ್ಳುತ್ತ ಒಬ್ಬ ಹುಡುಗ, “ಕಾಗದದ ಮೇಲೇ ಬರೆದ್ರೆ ಆಗ್ತಿತ್ತಲ್ಲ ಮೇಡಂ” ಎಂದರೆ, “ಕಾಗದಕ್ಕೆ ಸೊಂಟ ಇಲ್ಲ ಕಣಪ್ಪ” ಎನ್ನುತ್ತಾಳೆ. ಸೋಮವಾರದೊಳಗೆ ನಕ್ಷೆ ನಗರಸಭೆ ಸೇರದಿದ್ದರೆ ಆ ಜಾಗ ಕಾರು ನಿಲ್ಲಿಸುವವರ ಪಾಲು. “ಬೆಂಚು ಹಾಕಿದ್ರೆ ಹೆಂಗಸ್ರು ಕೂತ್ಬಿಡ್ತಾರೆ” ಎಂದು ಅಲ್ಲಿನ ಇಂಜಿನಿಯರ್ ನಕ್ಷೆಯನ್ನು ಎರಡು ಸಲ ವಾಪಸು ಕಳಿಸಿದ್ದಾನೆ. “ಕೂರ್ಲಿ ಅಂತಲೇ ಹಾಕೋದು” ಎಂದು ಅವಳು ಮೂರನೆಯ ಸಲ ಬರೆಸುತ್ತಿದ್ದಾಳೆ. ನಿನ್ನೆ ಗೆರೆ ಎಳೆಯುತ್ತಿದ್ದ ಹುಡುಗಿಯೊಬ್ಬಳು ಸುಮ್ಮನೆ ಕೇಳಿದಳು, “ಅಕ್ಕಾ, ನಿಮ್ಮನೇಲಿ ನೀವೆಲ್ಲಿ ಕೂರ್ತೀರಾ?” ಟೇಪಕ್ಕ ಅಡುಗೆಮನೆ, ನಡುಮನೆ, ಅತ್ತೆಯ ಕೋಣೆ ಎಲ್ಲವನ್ನೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದಳು. ಇಪ್ಪತ್ತಾರು ವರ್ಷಗಳಿಂದ ತಾನು ಒಲೆಯ ಪಕ್ಕ ನಿಂತುಕೊಂಡೇ ಉಣ್ಣುತ್ತಿದ್ದೇನೆಂಬುದು ಅವಳಿಗೆ ಆಗಲೇ ಹೊಳೆದದ್ದು. ಹುಡುಗಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಮರದ ಕೆಳಗೆ ಒಬ್ಬರೇ ಕೂರುವಷ್ಟು ಅಗಲದ ಇನ್ನೊಂದು ಬೆಂಚು ಬರೆದು, “ಯಾರು ಬಂದು ಹೇಳಿದ್ರೂ ಇದನ್ನ ಮಾತ್ರ ತೆಗೀಬೇಡಿ” ಎಂದಳು.